ವಿಶಾಖಪಟ್ಟಣದಲ್ಲಿ ಎರಡು ದಿನ ಸಿಕ್ಕರೆ ಏನೇನು ನೋಡಬಹುದು?

ಊರು ನೋಡೋಕೆ ಎರಡು ದಿನ ಸಾಕು. ಅರಕು ಕಣಿವೆಯನ್ನೂ ಇದರಲ್ಲೇ ತುರುಕಬೇಡಿ, ಅದಕ್ಕೇ ಒಂದು ದಿನ ಬೇಕು.

ಮೊದಲು ಆರ್‌.ಕೆ. ಬೀಚ್‌ಗೆ ಹೋಗಿ. ಅಲ್ಲಿ ದಡದ ಮೇಲೇ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿ ನಿಂತಿದೆ. 1969ರಲ್ಲಿ ನೌಕಾಪಡೆ ಸೇರಿ 2001ರವರೆಗೆ ಕೆಲಸ ಮಾಡಿದ್ದು, ಈಗ ಮ್ಯೂಸಿಯಂ. ಒಳಗೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ, ತಲೆ ತಗ್ಗಿಸಿ ದುಂಡನೆ ಬಾಗಿಲು ದಾಟಬೇಕು, ಟಾರ್ಪಿಡೊ ಪಕ್ಕದಲ್ಲೇ ನಾವಿಕರು ಮಲಗುತ್ತಿದ್ದ ಇಕ್ಕಟ್ಟಿನ ಹಾಸಿಗೆ ನೋಡಿದರೆ ಇದರಲ್ಲಿ ದಿನಗಟ್ಟಲೆ ಹೇಗಿದ್ದರಪ್ಪಾ ಅನ್ನಿಸುತ್ತದೆ. ನನ್ನ ಪ್ರಕಾರ ಇದನ್ನಂತೂ ತಪ್ಪಿಸಲೇಬಾರದು. ಎದುರಿಗೇ ಟಿಯು-142 ವಿಮಾನದ ಮ್ಯೂಸಿಯಂ ಇದೆ. ಸಂಜೆ ರೋಪ್‌ವೇಯಲ್ಲಿ ಕೈಲಾಸಗಿರಿಗೆ ಹತ್ತಿ, ಬಿಲ್ಲಿನ ಹಾಗೆ ಬಾಗಿದ ಇಡೀ ದಡ ಅಲ್ಲಿಂದ ಕಾಣುತ್ತದೆ.

ಮಾರನೇ ದಿನ ಬೆಳಿಗ್ಗೆ ಸಿಂಹಾಚಲದ ನರಸಿಂಹ ದೇವಸ್ಥಾನ. ವರ್ಷವಿಡೀ ದೇವರ ಮೈತುಂಬ ಗಂಧ ಇರುತ್ತದೆ, ನಿಜರೂಪ ದರ್ಶನ ಅಕ್ಷಯ ತೃತೀಯದಂದು ಮಾತ್ರ. ಆ ದಿನ ರಶ್ ಸಿಕ್ಕಾಪಟ್ಟೆ ಜಾಸ್ತಿ. ಆಮೇಲೆ ಭೀಮಿಲಿ ಕಡೆಯ ಕರಾವಳಿ ರಸ್ತೆ ಹಿಡಿದರೆ ರುಷಿಕೊಂಡ ಬೀಚ್, ತೊಟ್ಲಕೊಂಡ ಗುಡ್ಡದ ಮೇಲಿನ ಹಳೇ ಬೌದ್ಧ ವಿಹಾರದ ಅವಶೇಷ ಎಲ್ಲಾ ದಾರಿಯಲ್ಲೇ ಸಿಗುತ್ತವೆ.

ಆರ್‌.ಕೆ. ಬೀಚ್‌ನಲ್ಲಿ ಮಾತ್ರ ಈಜೋಕೆ ಇಳಿಯಬೇಡಿ, ಅಲ್ಲಿ ನೀರಿನ ಸೆಳೆತ ತುಂಬಾ.