ಕೊಡಗಿನ ಹೈಸ್ಕೂಲಿನಲ್ಲಿ ನಾಟಕ, ಓದು, ಬರವಣಿಗೆ: ಯಾವ ಸಂಘ ಮೊದಲು ಶುರುಮಾಡಲಿ?

ವಿರಾಜಪೇಟೆ ಕಡೆಯ ಹೈಸ್ಕೂಲಿಗೆ ಹೊಸದಾಗಿ ಕನ್ನಡ ಟೀಚರಾಗಿ ಬಂದಿದ್ದೀರಿ. ಮೂರು ಸಂಘ ಕಟ್ಟುವ ಆಸೆ ಇದೆ, ಯಾವುದು ಮೊದಲು, ಪ್ರತಿಭೆ ಇರುವ ಮಕ್ಕಳನ್ನು ಆರಿಸುವುದು ಹೇಗೆ ಅಂತ ಕೇಳಿದ್ದೀರಿ. ಸುಂಟಿಕೊಪ್ಪದ ಆಸುಪಾಸಿನ ಶಾಲೆಯೊಂದಕ್ಕೆ ಸೇರಿದಾಗ ನನ್ನ ತಲೆಯಲ್ಲೂ ಇವೇ ಎರಡು ಪ್ರಶ್ನೆ ಇದ್ದವು. ಮೂರು ಸಂಘ ಮಾಡಿದೆ, ಮೂರಕ್ಕೂ ಬೇರೆ ಬೇರೆ ರಿಜಿಸ್ಟರ್ ಇಟ್ಟೆ. ಒಂದು ಪುಟ ಗಟ್ಟಿಯಾಗಿ ಓದಿಸಿ ಮಕ್ಕಳನ್ನು ಆರಿಸಿದೆ. ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಯಿಂದ ಐದೂವರೆ ತನಕ ಕೂರಿಸುತ್ತಿದ್ದೆ.

ಆ ನಾಲ್ಕೂವರೆಯೇ ಎಲ್ಲ ಕೆಡಿಸಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಹೊತ್ತನ್ನು ಯೋಚಿಸಿರುತ್ತೀರಿ. ಪೀರಿಯಡ್ ಹಾಳಾಗುವುದಿಲ್ಲ, ಯಾರೂ ತಕರಾರು ಮಾಡುವುದಿಲ್ಲ, ಮುಖ್ಯಶಿಕ್ಷಕರು ಖುಷಿಯಿಂದ ಒಪ್ಪುತ್ತಾರೆ. ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳು ತೋಟದ ಲೈನ್‌ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ ಬರುವವರು. ಆ ಕಡೆಗೆ ಹೋಗುವ ಕೊನೆಯ ಬಸ್ಸು ಐದಕ್ಕೆ ಮೊದಲೇ ಬರುತ್ತಿತ್ತು. ನಾಟಕಕ್ಕೆ ಆರಿಸಿದ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ಒಳ್ಳೆಯ ಕಂಠ, ಒಂದೇ ಸಲಕ್ಕೆ ಮಾತು ಬಾಯಿಪಾಠ ಆಗುತ್ತಿತ್ತು. ಆದರೆ ರಿಹರ್ಸಲ್‌ನಲ್ಲಿ ಬ್ಯಾಗ್ ಹೆಗಲಿಂದ ಇಳಿಸುತ್ತಲೇ ಇರಲಿಲ್ಲ. ಮಾತನ್ನೆಲ್ಲ ಒಂದೇ ಉಸಿರಿಗೆ ಒದರಿಬಿಡುತ್ತಿದ್ದಳು, ಕಣ್ಣು ಕಿಟಕಿಯಾಚೆಯ ರಸ್ತೆಯ ತಿರುವಿನ ಮೇಲೆ. "ನಿಧಾನಕ್ಕೆ ಹೇಳು, ಎದುರಿಗಿದ್ದವರ ಮುಖ ನೋಡಿ ಹೇಳು" ಅಂತ ದಿನಾ ಗದರಿದೆ. ಕೊನೆಗೆ ಅವಳ ಪಾತ್ರವನ್ನು ಪೇಟೆಯಲ್ಲೇ ಮನೆ ಇದ್ದ ಇನ್ನೊಬ್ಬಳಿಗೆ ಕೊಟ್ಟು, ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ "ಆಸಕ್ತಿ ಇಲ್ಲ" ಅಂತ ಬರೆದೆ. ಅವಳ ಬಸ್ಸಿನ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಿಟ್ಟರು. ಅವರ ಹೆಸರಿನ ಮುಂದೆಯೂ ಅದನ್ನೇ ಬರೆದೆ.

ಮುಂದಿನ ಪೋಷಕರ ಸಭೆಯಲ್ಲಿ ಅವಳ ಅಪ್ಪ ಹೇಳಿದ ಮೇಲೆ ನನಗೆ ತಿಳಿಯಿತು: "ಬಸ್ ತಪ್ಪಿದರೆ ತೋಟದ ಒಳಗೆ ನಡೆದೇ ಬರಬೇಕು ಸಾರ್. ಕತ್ತಲಾದ್ಮೇಲೆ ಅಲ್ಲಿ ಆನೆ ಉಂಟು." ಕೊಡಗಿನಲ್ಲಿ ಇಷ್ಟು ವರ್ಷ ಇದ್ದು, ತೋಟಕ್ಕೆ ಆನೆ ಬಂದ ಸುದ್ದಿಯನ್ನು ದಿನಾ ಪೇಪರಿನಲ್ಲಿ ಓದುತ್ತಿದ್ದ ನನಗೆ ಅದು ಹೊಳೆದಿರಲೇ ಇಲ್ಲ. ಮುಂದಿನ ವರ್ಷ ಹೊತ್ತು ಬದಲಿಸಿ ಮತ್ತೆ ಹೆಸರು ಕೇಳಿದೆ. ಆ ಕಡೆಯ ಒಂದು ಮಗುವೂ ಕೈ ಎತ್ತಲಿಲ್ಲ. ಅವಳು ಹತ್ತನೇ ಕ್ಲಾಸಿಗೆ ಬಂದಿದ್ದಳು, ಕರೆದರೂ ಬರಲಿಲ್ಲ. ಆ ನಂಬಿಕೆ ಮತ್ತೆ ಹುಟ್ಟಲು ವರ್ಷಗಳೇ ಹಿಡಿದವು.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡಿ. ಆರಿಸಲೇಬೇಡಿ. ಆರಿಸಿ ಕಳಿಸುವುದಕ್ಕೆ ಶಾಲೆಗಳ ನಡುವಿನ ಸ್ಪರ್ಧೆ ಪ್ರತಿಭಾ ಕಾರಂಜಿ ಇದೆ. ಕಂಠಪಾಠಕ್ಕೋ ಆಶುಭಾಷಣಕ್ಕೋ ಚೆನ್ನಾಗಿ ಹೇಳುವ ಮಗುವನ್ನು ಅಲ್ಲಿಗೆ ಕಳಿಸಿ. ಸಂಘ ಇರುವುದು ಉಳಿದವರಿಗೂ. ನಾವು ಪ್ರತಿಭೆ ಅಂತ ಗುರುತಿಸುವುದು ಎಷ್ಟೋ ಸಲ ಪುಸ್ತಕದ ಕನ್ನಡ ಮನೆಯಲ್ಲೇ ಸಿಕ್ಕಿದ ಮಗುವನ್ನು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತಾಡಿಕೊಂಡು ಬರುವ ಮಗು ಆ ಒಂದು ಪುಟದ ಓದಿನಲ್ಲೇ ಸೋತಿರುತ್ತದೆ. ನಾಟಕದಲ್ಲಿ ಅಜ್ಜಿಯ ಪಾತ್ರ ಅರೆಭಾಷೆಯಲ್ಲಿ, ಅಂಗಡಿಯವನದು ಮಲಯಾಳ ಬೆರೆತ ಕನ್ನಡದಲ್ಲಿ ಮಾತಾಡಲಿ ಬಿಡಿ. ನೋಡುವವರಿಗೆ ಎಲ್ಲ ಅರ್ಥವಾಗುತ್ತದೆ. ಹರದಾಸ ಅಪ್ಪಚ್ಚ ಕವಿಗಳು ನೂರು ವರ್ಷಕ್ಕೂ ಹಿಂದೆಯೇ ಕೊಡವ ತಕ್ಕ್‌ನಲ್ಲಿ ನಾಟಕ ಬರೆದ ನೆಲ ಇದು. ಇಲ್ಲಿನ ಮಕ್ಕಳಿಗೆ ವೇದಿಕೆಯಲ್ಲಿ ಮನೆಮಾತು ಬೇಡ ಅನ್ನುವ ಹಕ್ಕು ನಮಗಿಲ್ಲ.

ಇನ್ನು ಯಾವುದು ಮೊದಲು ಅನ್ನುವುದು. ಅದನ್ನು ಇಲ್ಲಿ ಮಳೆಯೇ ತೀರ್ಮಾನಿಸುತ್ತದೆ. ಒಂದೇ ಸಂಘ ಮಾಡಿ, ಕೆಲಸವನ್ನು ತಿಂಗಳಿಗೆ ತಕ್ಕಂತೆ ಹಂಚಿ. ಜೂನ್‌ನಿಂದ ಆಗಸ್ಟ್ ತನಕ ಶೀಟಿನ ಮಾಡಿನ ಕೆಳಗೆ ಪಕ್ಕದವರ ಮಾತೇ ಕೇಳುವುದಿಲ್ಲ, ರಿಹರ್ಸಲ್ ಮಾಡಿಸಲು ಹೋದರೆ ಗಂಟಲು ಹೋಗುತ್ತದೆ, ನಡುವೆ ಮಳೆ ರಜೆ ಬೇರೆ. ಅದು ಮೌನವಾಗಿ ಓದುವ, ಬರೆಯುವ ಕಾಲ. ಗೋಡೆಪತ್ರಿಕೆ ಬೇಡ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ಕೊಡವ ತಿಂಗಳಲ್ಲಿ, ಗೋಂದು ಒಣಗುವುದಿಲ್ಲ, ಶಾಯಿ ಹರಡಿ ಹಾಳೆ ಜೋತುಬೀಳುತ್ತದೆ. ದಪ್ಪ ರಟ್ಟಿನ ಒಂದು ಲಾಂಗ್ ಬುಕ್ ತೆಗೆದುಕೊಳ್ಳಿ, ವಾರಕ್ಕೊಬ್ಬರು ಮನೆಗೆ ಒಯ್ದು ಬರೆದು ತರಲಿ. ಕಕ್ಕಡ ಹದಿನೆಂಟಕ್ಕೆ ಮದ್ದ್ ಸೊಪ್ಪಿನ (ಮೂತ್ರಕ್ಕೆ ಕೆಂಪು ಬಣ್ಣ ಬರಿಸುವ ಔಷಧಿ ಸೊಪ್ಪು) ಪಾಯಸ ತಿಂದು, ಮರುದಿನ ಮೂತ್ರ ಕೆಂಪಾದದ್ದು ನೋಡಿ ಹೆದರಿ ಯಾರಿಗೂ ಹೇಳದೆ ಮಲಗಿದ ತಮ್ಮನ ಬಗ್ಗೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಅದರಲ್ಲಿ ಬರೆದ. ಕಾಗುಣಿತ ತಪ್ಪು ಬೇಕಾದಷ್ಟಿತ್ತು. ನಾನು ಕೆಂಪು ಪೆನ್ ಮುಟ್ಟಲಿಲ್ಲ. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಮಕ್ಕಳು ಅದನ್ನೇ ನಾಟಕ ಮಾಡಿದರು. ಹೊರಗಿನಿಂದ ಸ್ಕ್ರಿಪ್ಟ್ ತರುವ ಅಗತ್ಯವೇ ಬೀಳಲಿಲ್ಲ. ಪುತ್ತರಿಯ, ಅಂದರೆ ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬದ ಒಳಗೆ ಆಡಿ ಮುಗಿಸಿ. ಆಮೇಲೆ ಕಾಫಿ ಕುಯ್ಲು ಶುರುವಾಗಿ ತೋಟದ ಮನೆಗಳ ಮಕ್ಕಳಿಗೆ ಪುರುಸೊತ್ತಿರುವುದಿಲ್ಲ. ಹತ್ತನೆಯವರು ಪರೀಕ್ಷೆಗೆ ಕೂರಬೇಕು.

ಓದಿಸಲು ಏನು ಕೊಡಲಿ ಅಂತ ಮುಂದೆ ನೀವು ಕೇಳಿಯೇ ಕೇಳುತ್ತೀರಿ. ಕಥೆಗಾರ್ತಿ ಕೊಡಗಿನ ಗೌರಮ್ಮನಿಂದ ಶುರುಮಾಡಿ. 1912ರಲ್ಲಿ ಹುಟ್ಟಿ, 1939ರಲ್ಲಿ ಇಪ್ಪತ್ತೇಳರ ಪ್ರಾಯದಲ್ಲೇ ನೀರಿನಲ್ಲಿ ಮುಳುಗಿ ತೀರಿಕೊಂಡವರು. ವಿಧವೆಯರ ಬಗ್ಗೆ, ಮದುವೆಯಲ್ಲಿ ಸಿಕ್ಕಿಬಿದ್ದ ಹೆಣ್ಣುಮಕ್ಕಳ ಬಗ್ಗೆ ಆ ಕಾಲದಲ್ಲೇ ನೇರವಾಗಿ ಬರೆದವರು. ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟದಲ್ಲಿ ಅವರ ಸಂಸಾರ ಇತ್ತು ಅಂತ ಹೇಳಿದ ದಿನ ನಮ್ಮ ಮಕ್ಕಳು ಓದಿದ ರೀತಿಯೇ ಬೇರೆ. ಲೈಬ್ರರಿ ಬೀರುವಿನ ಬೀಗ ತೆಗೆಸಲು ಕಾಯಬೇಡಿ. 2020ರಲ್ಲಿ ಶುರುವಾದ "ಓದುವ ಬೆಳಕು" ಯೋಜನೆಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಎಲ್ಲರನ್ನೂ ಒಂದೇ ದಿನ ಕರೆದುಕೊಂಡು ಹೋಗಿ ಸದಸ್ಯರನ್ನಾಗಿ ಮಾಡಿಸಿಬಿಡಿ.

ಹೊತ್ತಿನ ವಿಷಯಕ್ಕೆ ಮಾತ್ರ ರಾಜಿಯಾಗಬೇಡಿ. ಬೆಲ್ ಹೊಡೆಯುವ ಒಳಗೇ ಒಂದು ಪೀರಿಯಡ್ ಬೇಕು, ವಾರಕ್ಕೊಂದಾದರೂ ಸಾಕು. ನನಗೆ ಸಿಕ್ಕಿದ್ದು ಶನಿವಾರದ ಬೆಳಗಿನ ಶಾಲೆಯ ಕೊನೆಯ ಪೀರಿಯಡ್. ಗಣಿತದವರು ಅದನ್ನು ರಿವಿಷನ್‌ಗೆ ಕೇಳುತ್ತಾರೆ, ಕೊಡಬೇಡಿ. ಜೂನ್‌ನಲ್ಲಿ ವೇಳಾಪಟ್ಟಿ ಬರೆಯುವ ಮೊದಲೇ ಮುಖ್ಯಶಿಕ್ಷಕರ ಹತ್ತಿರ ಕೂತು ಮಾತಾಡಿ. ಬರೆದು ಗೋಡೆಗೆ ಅಂಟಿಸಿದ ಮೇಲೆ ಒಂದು ಪೀರಿಯಡ್ ಬಿಡಿಸಿಕೊಳ್ಳುವುದು ಬಹಳ ಕಷ್ಟ.