ಗೊಂಬೆ ಸಿಕ್ಕಿತಾ? ಹಾಗಾದರೆ ತಮಾಲ್ ನಿಮ್ಮದೇ

ಪ್ರಶ್ನೆ: ನಾನು ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬಂದು ಐದು ತಿಂಗಳಾಯಿತು. ಜನವರಿ 6ರಂದು ಆಫೀಸಿನಲ್ಲಿ ದೊಡ್ಡ ಬಳೆಯಂಥ ಸಿಹಿ ಬ್ರೆಡ್ ಕತ್ತರಿಸಿದರು. ನನ್ನ ತುಂಡಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಗೊಂಬೆ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿ, "ಫೆಬ್ರವರಿ 2ಕ್ಕೆ ತಮಾಲ್ ನಿಮ್ಮದು" ಅಂದರು. ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ಗೊತ್ತಾಗಲಿಲ್ಲ. ತಮಾಲ್ ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ, ನಮ್ಮ ಕಡುಬಿನಂಥ ತಿಂಡಿ. ನಾನು ಸಸ್ಯಾಹಾರಿ, ತಮಾಲ್‌ಗೆ ಹಂದಿ ಕೊಬ್ಬು ಹಾಕುತ್ತಾರಂತೆ. ಬದಲಿಗೆ ಕೇಕ್ ತಂದರೆ ನಡೆಯುತ್ತಾ?

ಉತ್ತರ: ನಡೆಯೋದಿಲ್ಲ. ನಗ್ತಾನೇ ಅಂದಿರುತ್ತಾರೆ, ಆದರೆ ಫೆಬ್ರವರಿ 2ಕ್ಕೆ ನಿಮ್ಮ ಕೈ ನೋಡ್ತಾ ಕೂತಿರುತ್ತಾರೆ.

ಆ ಬ್ರೆಡ್ಡಿಗೆ ರೋಸ್ಕಾ ದೆ ರೆಯೆಸ್ ಅಂತ ಹೆಸರು. ಗೊಂಬೆ ಅಂದರೆ ಬಾಲಯೇಸು. ಅದು ಸಿಕ್ಕವರು ಮಗುವಿಗೆ ಧರ್ಮಪಿತನೋ ಧರ್ಮಮಾತೆಯೋ ಆದ ಹಾಗೆ, ಅದಕ್ಕೇ ಕ್ಯಾಂದೆಲಾರಿಯಾ ಹಬ್ಬದ ದಿನ, ಅಂದರೆ ಫೆಬ್ರವರಿ 2ಕ್ಕೆ (ಕ್ರಿಸ್‌ಮಸ್ ದಿನವನ್ನೂ ಸೇರಿಸಿ ಎಣಿಸಿದರೆ 40ನೇ ದಿನ), ತಮಾಲ್ ತಿನ್ನಿಸುವ ಜವಾಬ್ದಾರಿ ಅವರ ಮೇಲೆ. ದೊಡ್ಡ ರೋಸ್ಕಾದಲ್ಲಿ ಮೂರ್ನಾಲ್ಕು ಗೊಂಬೆ ಇರುತ್ತವೆ. ಹಾಗಾಗಿ ನಿಮ್ಮ ಜೊತೆ ಇನ್ಯಾರಿಗೆ ಸಿಕ್ಕಿದೆ ಅಂತ ವಿಚಾರಿಸಿ, ಖರ್ಚು ಹಂಚಿಕೊಳ್ಳಿ. (ಸಿಕ್ಕಿದ್ದನ್ನು ಮೆಲ್ಲಗೆ ಜೇಬಿಗೆ ಇಳಿಸಿದವರೂ ಇರುತ್ತಾರೆ. ನೀವು ಪಾಪ, ಎತ್ತಿ ತೋರಿಸಿಬಿಟ್ಟಿರಿ.)

ಇನ್ನು ಹಂದಿ ಕೊಬ್ಬಿನ ವಿಷಯ. ತಮಾಲ್ ಬಹಳ ಹಳೆಯದು, ಸಾಕು ಹಂದಿ ಆ ನೆಲಕ್ಕೆ ಬಂದದ್ದು ಸ್ಪೇನಿನವರ ಜೊತೆ, 1519ರ ಆಮೇಲೆ. ಅಂದರೆ ಹಂದಿ ಕೊಬ್ಬಿಲ್ಲದ ತಮಾಲೇ ಮೊದಲಿನದು ಅಂತ ಧೈರ್ಯವಾಗಿ ಹೇಳಬಹುದು! ಆದರೂ ಈಗ ಜಾಸ್ತಿ ಜನ ಕೊಬ್ಬು ಹಾಕೇ ಮಾಡೋದು. ಮಾಂಸ ಬೇಡ ಅಂದರೆ ಮೆಣಸಿನಕಾಯಿ ಸೀಳು, ಚೀಸ್ ಇಟ್ಟ 'ರಾಹಾಸ್ ಕೊನ್ ಕೆಸೊ' ಇದೆ, ಒಣದ್ರಾಕ್ಷಿ ಹಾಕಿದ ಗುಲಾಬಿ ಬಣ್ಣದ ಸಿಹಿ ತಮಾಲೂ ಇದೆ. ಆದರೆ ಇವುಗಳ ಹಿಟ್ಟಿನಲ್ಲೂ ಕೊಬ್ಬು ಇರಬಹುದು, 'ಸಿನ್ ಮಾಂತೆಕಾ' (ಹಂದಿ ಕೊಬ್ಬಿಲ್ಲದ್ದು) ಅಂತ ಬಾಯಿಬಿಟ್ಟು ಕೇಳಲೇಬೇಕು.

ಕೊಂಡು ತಂದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಆಫೀಸುಗಳಲ್ಲಿ ಬಹಳಷ್ಟು ಜನ ಕೊಂಡೇ ತರೋದು. ಆದರೂ ನನ್ನ ಕೇಳಿದರೆ, ಸಹೋದ್ಯೋಗಿಗಳಲ್ಲಿ ಯಾರ ಮನೇಲಿ ಇದನ್ನು ಮಾಡ್ತಾರೆ ಅಂತ ವಿಚಾರಿಸಿ, ಒಂದು ಭಾನುವಾರ ಅವರ ಅಡುಗೆಮನೆಗೆ ಹೋಗಿ ಕೂತ್ಕೊಳ್ಳಿ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಕುದಿಸಿ ರಾತ್ರಿಯಿಡೀ ನೆನೆಸಿ ರುಬ್ಬಿದ ಹಿಟ್ಟು, ಅದೇ ಮಾಸಾ. ಅದನ್ನು ಎಣ್ಣೆಯ ಜೊತೆ ಕೈ ಸೋಲುವಷ್ಟು ನಾದಬೇಕು. ಆಗಿದೆಯೋ ಇಲ್ಲವೋ ನೋಡೋಕೆ ಒಂದು ಚಿಟಿಕೆ ಹಿಟ್ಟು ನೀರಿನ ಲೋಟಕ್ಕೆ ಹಾಕ್ತಾರೆ, ತೇಲಿದರೆ ಆಯಿತು. ಮೆಕ್ಕೆಜೋಳದ ತೆನೆಯ ಒಣ ಸಿಪ್ಪೆಯನ್ನು ನೆನೆಸಿ, ಹಿಟ್ಟನ್ನು ಅದರಲ್ಲಿ ಸುತ್ತಿ ಒಂದು ಗಂಟೆಯಾದರೂ ಹಬೆಯಲ್ಲಿ ಬೇಯಿಸೋದು. ಪಾತ್ರೆ ತಳದ ನೀರಿಗೆ ಒಂದು ನಾಣ್ಯ ಹಾಕಿರುತ್ತಾರೆ. ನೀರು ಕುದಿಯುವಷ್ಟು ಹೊತ್ತು ಅದು ಕಟಕಟ ಅನ್ನುತ್ತೆ. ಸದ್ದು ನಿಂತರೆ ನೀರು ಮುಗಿದಿದೆ ಅಂತ ಅರ್ಥ. ಒಲೆ ಹತ್ತಿರ ಜಗಳ ಮಾತ್ರ ಆಡಬೇಡಿ, ಸಿಟ್ಟಲ್ಲಿದ್ದರೆ ತಮಾಲ್ ಬೇಯಲ್ಲ ಅನ್ನೋ ನಂಬಿಕೆ ಅವರಲ್ಲಿದೆ.

ಕೊಳ್ಳೋದೇ ಆದರೆ ಒಂದು ವಾರ ಮುಂಚೆ ಹೇಳಿಡಿ. ಆ ದಿನ ಬೆಳಿಗ್ಗೆ ಊರಿಗೆ ಊರೇ ತಮಾಲ್‌ಗೆ ಸಾಲು ನಿಂತಿರುತ್ತೆ. ಜೊತೆಗೆ ಕುಡಿಯೋಕೆ ಬಿಸಿ ಅತೋಲೆಯನ್ನೂ (ಮೆಕ್ಕೆಜೋಳದ ಗಂಜಿಯಂಥ ಪಾನೀಯ) ಹೇಳಿ.