‘ಕರ್ದಂಗಾಗಲ್ವಾ ಮೇಡಂ?’: ಡಯಾಲಿಸಿಸ್‌ಗೆ ಮೊದಲು ಹಾಕಿದ ಒಂದು ಲೆಕ್ಕ

ಈ ಪ್ರಕರಣದಲ್ಲಿ ಅನಾಹುತವೇನೂ ಆಗಿಲ್ಲ. ಆಗದೆ ಇದ್ದದ್ದಕ್ಕೇ ಬರೆಯಬೇಕೆನಿಸಿತು. ಕಿಡ್ನಿ ಪೂರ್ತಿ ಸೋತವರ ಮನೆಯವರನ್ನು, ಅವರಿಗೆ ಸಲಹೆ ಕೊಡುವ ಕೆಲಸದ ನಾವು, ಹೆಚ್ಚಾಗಿ ನೋಡುವುದು ತುರ್ತು ವಿಭಾಗದ ಬಾಗಿಲಲ್ಲಿ. ಕಾಲು ಮುಖ ಊದಿ, ಉಸಿರು ಕಟ್ಟಿ ಬಂದಿರುತ್ತಾರೆ. ರಾತ್ರೋರಾತ್ರಿ ಕುತ್ತಿಗೆಯ ರಕ್ತನಾಳಕ್ಕೆ ತಾತ್ಕಾಲಿಕ ಕ್ಯಾಥೆಟರ್ ನಳಿಕೆ ಹಾಕಿ ಡಯಾಲಿಸಿಸ್ ಶುರು ಮಾಡಿರುತ್ತಾರೆ. ಮಾರನೆಯ ದಿನ ಮಗನೋ ಅಳಿಯನೋ ಬಂದು ಕೂತು ‘ಈಗೇನ್ ಮಾಡ್ಬೋದು?’ ಎಂದು ಕೇಳುತ್ತಾನೆ. ಮಾಡಬಹುದಾದ್ದರಲ್ಲಿ ಅರ್ಧ ಆ ಹೊತ್ತಿಗೆ ಕೈತಪ್ಪಿರುತ್ತದೆ. ಹಳೆಯ ಫೈಲು ತಿರುವಿದರೆ ವರ್ಷದ ಹಿಂದಿನ ಚೀಟಿಯಲ್ಲೇ ‘ಫಿಸ್ಟುಲಾ ಮಾಡಿಸಿ’, ಅಂದರೆ ಡಯಾಲಿಸಿಸ್ ಸೂಜಿಗೆ ಕೈಯ ರಕ್ತನಾಳದಲ್ಲಿ ದಾರಿ ಮಾಡಿಸಿಕೊಳ್ಳಿ ಎಂದು ಡಾಕ್ಟರು ಬರೆದದ್ದು ಸಿಗುತ್ತದೆ. ಓದಿರುತ್ತಾರೆ, ಮಡಚಿ ಇಟ್ಟಿರುತ್ತಾರೆ.

ಇವರೂ ಮಡಚಿ ಇಟ್ಟವರೇ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. 56 ವರ್ಷ, ಹಳೇ ಮೈಸೂರು ಕಡೆಯ ಹೋಬಳಿ ಊರೊಂದರಲ್ಲಿ ದಿನಸಿ ಅಂಗಡಿ, ಹದಿನಾರು ವರ್ಷದ ಸಕ್ಕರೆ ಕಾಯಿಲೆ. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 4.1. ಅವರ ವಯಸ್ಸಿಗೆ ಲೆಕ್ಕ ಹಾಕಿದರೆ ಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) ಸುಮಾರು 16, ಅಂದರೆ ಕಿಡ್ನಿ ಕಾಯಿಲೆಯ ನಾಲ್ಕನೆಯ ಹಂತದ ಅಂಚು. 15ರ ಕೆಳಗಿಳಿದರೆ ಐದನೆಯದು, ಅದೇ ಕೊನೆಯದು. ಊಟ ಸೇರುತ್ತಿತ್ತು, ಅಂಗಡಿಯಲ್ಲಿ ನಿಂತು ವ್ಯಾಪಾರ ಮಾಡುತ್ತಿದ್ದರು. ನಾಲ್ಕು ತಿಂಗಳಿಂದ ಯಾರೋ ಕೊಟ್ಟ ಪುಡಿಯನ್ನೂ ತಿನ್ನುತ್ತಿದ್ದರು. ಪುಡಿಯ ವಿಷಯಕ್ಕೆ ನಾನು ಬೈಯುವುದಿಲ್ಲ. ಬೈದರೆ ತಿನ್ನುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಪೊಟ್ಟಣ ತಂದು ಡಾಕ್ಟರಿಗೆ ತೋರಿಸಿ ಎಂದೆ. ಇಂಥ ಕೆಲವು ಪುಡಿಗಳಲ್ಲಿ ಸೀಸ, ಪಾದರಸ ಇರುವುದುಂಟು, ಅದು ಉಳಿದ ಕಿಡ್ನಿಯನ್ನೇ ತಿನ್ನುತ್ತದೆ ಎಂದೆ. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ತಾವೇ ತರಿಸುತ್ತಿದ್ದ ಡೈಕ್ಲೊಫೆನಾಕ್ ಮಾತ್ರೆಯೂ ಕಿಡ್ನಿಗೆ ಕೆಡುಕೇ ಎಂದೆ. ಸುಸ್ತು ಎಂದಾಗಲೆಲ್ಲ ಕುಡಿಸುತ್ತಿದ್ದ ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬ ಇದೆ, ಈ ಹಂತದ ಕಿಡ್ನಿಗೆ ಅದನ್ನು ಹೊರಹಾಕಲಾಗದೆ ಹೃದಯದ ಬಡಿತವೇ ತಪ್ಪಬಹುದು ಎಂದಾಗ ಅವರ ಹೆಂಡತಿ ನನ್ನ ಮುಖ ನೋಡಿದರು. ರೋಗಿಗೆ ಎಳನೀರು ಕೊಡಬೇಡಿ ಎಂದರೆ ನಮ್ಮಲ್ಲಿ ಯಾರು ತಾನೇ ನಂಬುತ್ತಾರೆ.

ಎರಡು ಭೇಟಿ ಇದರಲ್ಲೇ ಹೋಯಿತು. ಫಿಸ್ಟುಲಾ ಮಾತೆತ್ತಿದಾಗಲೆಲ್ಲ ಅಂಗಡಿಯವರು ‘ನೋಡೋಣ’ ಎನ್ನುತ್ತಿದ್ದರು. ಮೂರನೆಯ ಭೇಟಿಯಲ್ಲಿ ಅವರ ಹೆಂಡತಿ ಬಾಯಿಬಿಟ್ಟರು. ‘ಇನ್ನೂ ಓಡಾಡ್ಕೊಂಡವ್ರೆ. ಈಗ್ಲೇ ಕೈ ಕುಯ್ಸಿ ದಾರಿ ಮಾಡಿದ್ರೆ ಡಯಾಲಿಸಿಸ್ನ ನಾವೇ ಕರ್ದಂಗಾಗಲ್ವಾ ಮೇಡಂ?’

ಈ ಮಾತನ್ನು ಬೇರೆಬೇರೆ ರೂಪದಲ್ಲಿ ಎಷ್ಟೋ ಮನೆಗಳಿಂದ ಕೇಳಿದ್ದೇನೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಊರಲ್ಲಿ ಅವರು ಕಂಡವರೆಲ್ಲ ಕೈಯಲ್ಲಿ ಫಿಸ್ಟುಲಾ ಆದ ಮೇಲೆ ಡಯಾಲಿಸಿಸ್‌ಗೆ ಹೋದವರೇ. ಕಂಡದ್ದನ್ನೇ ಹೇಳುತ್ತಿದ್ದಾರೆ. ನಾನು ಜಾಣತನ ಮಾಡಹೋದೆ. ಯುಗಾದಿಗೆ ಮುಂಚೆ ಬೆಲ್ಲ ತರಿಸಿಟ್ಟರೆ ಹಬ್ಬ ಬೇಗ ಬರುತ್ತದೆಯೇ ಎಂದು ಅಂಗಡಿಯವರನ್ನು ಕೇಳಿದೆ. ಅವರು ನಗಲಿಲ್ಲ. ‘ಬೆಲ್ಲ ಮಿಕ್ಕುದ್ರೆ ಆಮೇಲಾದ್ರೂ ಮಾರ್ತೀನಿ. ಕೈ ಕುಯ್ಸಿದ್ದು ಮಿಕ್ಕುದ್ರೆ?’

ಒಳ್ಳೆಯ ಪ್ರಶ್ನೆ. ಹೋಲಿಕೆ ಬಿಟ್ಟು ಕೈಯನ್ನೇ ತೋರಿಸಿ ವಿವರಿಸಬೇಕಾಯಿತು. ಮಣಿಕಟ್ಟಿನ ಹತ್ತಿರವೋ ಮೊಣಕೈ ಹತ್ತಿರವೋ ಒಂದು ಅಪಧಮನಿಗೆ ಪಕ್ಕದ ಸಿರೆಯನ್ನು ಹೊಲಿಯುತ್ತಾರೆ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಸೂಜಿ ಸಾಕು, ಸಾಮಾನ್ಯವಾಗಿ ಅವತ್ತೇ ಮನೆಗೆ ಹೋಗಬಹುದು. ಜೋರಿನ ರಕ್ತ ನುಗ್ಗಿ ಸಿರೆ ದಪ್ಪವಾಗಿ ಗಟ್ಟಿಯಾಗಬೇಕು, ಡಯಾಲಿಸಿಸ್‌ನ ದಪ್ಪ ಸೂಜಿಯನ್ನು ಪದೇಪದೇ ತಡೆದುಕೊಳ್ಳುವಷ್ಟು. ಡಾಕ್ಟರುಗಳು ನೆನಪಿಗೆ ‘ಆರರ ಲೆಕ್ಕ’ ಇಟ್ಟುಕೊಂಡಿರುತ್ತಾರೆ: ಆರು ವಾರದ ಹೊತ್ತಿಗೆ ಸಿರೆ 6 ಮಿಲಿಮೀಟರ್ ಅಗಲ, ಚರ್ಮದಿಂದ 6 ಮಿಲಿಮೀಟರ್‌ಗಿಂತ ಕಡಿಮೆ ಆಳ, ನಿಮಿಷಕ್ಕೆ 600 ಮಿಲಿಲೀಟರ್ ಹರಿವು. ಸಕ್ಕರೆ ಕಾಯಿಲೆಯವರ ರಕ್ತನಾಳ ಗಡುಸಾಗಿರುವುದರಿಂದ ಎಷ್ಟೋ ಸಲ ಆರು ವಾರ ಸಾಲುವುದಿಲ್ಲ. ಮೊದಲ ಸಲ ಹಿಡಿಯದೆ ಮತ್ತೊಮ್ಮೆ ಮಾಡಬೇಕಾಗುವುದೂ ಉಂಟು. ಹಾಗಾಗಿ ಹಿಂದಕ್ಕೆ ಎಣಿಸಿದರೆ ತಿಂಗಳುಗಳೇ ಬೇಕು. ‘ಮಿಕ್ಕಿದರೆ’ ಏನು ಎನ್ನುವುದಕ್ಕೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟೆ. ಕೆಲವರಿಗೆ ಮಾಡಿಸಿದ ಮೇಲೆ ಬೇಕಾಗುವುದೇ ಇಲ್ಲ, ಅದು ನಿಜ. ಕೆಲವರಿಗೆ ಕೈ ತಣ್ಣಗಾಗುತ್ತದೆ, ಅಪರೂಪಕ್ಕೆ ಹೃದಯದ ಮೇಲೆ ಹೊರೆ ಬೀಳುತ್ತದೆ. ಆದರೆ ಇಲ್ಲದೆ ಹೋದಾಗ ಬರುವ ಕುತ್ತಿಗೆಯ ಕ್ಯಾಥೆಟರ್ ನೆಟ್ಟಗೆ ಹೃದಯದ ಹತ್ತಿರಕ್ಕೇ ತೆರೆದ ಬಾಗಿಲು. ಅಲ್ಲಿ ಸೋಂಕು ಸೇರಿದರೆ ಚಳಿಜ್ವರ, ಮತ್ತೆ ಅಡ್ಮಿಷನ್, ದುಬಾರಿ ಆ್ಯಂಟಿಬಯೋಟಿಕ್. ದುಡ್ಡು ಸೋರುವುದು ಹೆಚ್ಚಾಗಿ ಅಲ್ಲಿಂದಲೇ.

ಅವರು ಆಗಲೂ ಹೂಂ ಎನ್ನಲಿಲ್ಲ. ಖರ್ಚಿನ ಹಾಳೆ ಕೊಡಿ ಎಂದರು.

ಇಂಥವರಿಗಾಗಿ ಒಂದು ಹಾಳೆ ಇಟ್ಟಿರುತ್ತೇನೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ತಿಂಗಳಿಗೆ 13 ಸಲ. ಜಿಲ್ಲಾ ಕೇಂದ್ರದ ಖಾಸಗಿ ಘಟಕದಲ್ಲಿ ಅವರೇ ವಿಚಾರಿಸಿಕೊಂಡು ಬಂದ ದರ ಸಲಕ್ಕೆ 1,800, ಅಂದರೆ 23,400. ರಕ್ತ ಹೆಚ್ಚಿಸುವ ಎರಿಥ್ರೋಪೊಯಿಟಿನ್ ಸೂಜಿ ಮತ್ತು ಐರನ್ 5,000. ರಕ್ತಪರೀಕ್ಷೆ 1,500. ಇಬ್ಬರ ಓಡಾಟ ಸಲಕ್ಕೆ 200ರಂತೆ 2,600. ಒಟ್ಟು 32,500. ಪಕ್ಕದಲ್ಲಿ ತಾಲ್ಲೂಕು ಆಸ್ಪತ್ರೆಯ ಕಾಲಂ: ಅವರದು ಬಿಪಿಎಲ್ ಕಾರ್ಡ್, ಡಯಾಲಿಸಿಸ್ ಉಚಿತ, ಮೊದಲ ಸಾಲು ಸೊನ್ನೆ. ಸೂಜಿ ಅಲ್ಲೇ ಕೊಡುವುದುಂಟು, ದಾಸ್ತಾನು ಮುಗಿದ ತಿಂಗಳು ಹೊರಗೆ ಕೊಳ್ಳಬೇಕು, ಅದಕ್ಕೆ ನಾನು ಹೊರಗಿನ ದರವನ್ನೇ ಬರೆಸುತ್ತೇನೆ. ಒಟ್ಟು 9,100.

ನನ್ನ ಪ್ರಕಾರ ಲೆಕ್ಕ ಅಲ್ಲಿಗೆ ಮುಗಿದಿತ್ತು. ಅಂಗಡಿಯವರು ಜೇಬಿನಿಂದ ಪೆನ್ನು ತೆಗೆದು ಕೆಳಗೆ ಒಂದು ಗೆರೆ ಎಳೆದರು. ‘ಬಾಗ್ಲು’ ಎಂದು ಬರೆದರು. 13 ದಿನ ಅಂಗಡಿ ಬಾಗಿಲು ಹಾಕಿದರೆ ದಿನಕ್ಕೆ 900ರಂತೆ 11,700. ಎರಡೂ ಕಾಲಮ್ಮಿಗೆ ಸೇರಿಸಿದರು. ಖಾಸಗಿ 44,200, ಉಚಿತ 20,800. ಹಾಳೆಯನ್ನು ನನ್ನ ಕಡೆ ತಿರುಗಿಸಿ ಹೇಳಿದರು, ‘ಧರ್ಮಕ್ಕೆ ಮಾಡಿದ್ರೂ ಇಪ್ಪತ್ತು ಸಾವ್ರ. ಅದ್ರಲ್ಲಿ ಅರ್ಧಕ್ಕಿಂತ್ಲೂ ಜಾಸ್ತಿ ಬಾಗ್ಲುದೇ. ಈ ಸಾಲು ನಿಮ್ ಹಾಳೇಲಿ ಯಾಕಿಲ್ಲ?’

ಇರಬೇಕಿತ್ತು. ಈಗ ಇದೆ. ಆಸ್ಪತ್ರೆ ಕೇಳುವ ದುಡ್ಡನ್ನಷ್ಟೇ ಖರ್ಚು ಎಂದು ತಿಳಿದರೆ, ‘ಉಚಿತ’ ಡಯಾಲಿಸಿಸ್‌ಗೆ ಹೋಗುವವರು ವಾರಕ್ಕೆ ಮೂರರ ಬದಲು ಎರಡು, ಆಮೇಲೆ ಒಂದಕ್ಕೆ ಯಾಕೆ ಇಳಿಯುತ್ತಾರೆ ಎಂಬುದು ನಮಗೆ ತಿಳಿಯುವುದೇ ಇಲ್ಲ. ಶ್ರದ್ಧೆ ಇಲ್ಲ ಎಂದು ಫೈಲಿನಲ್ಲಿ ಬರೆಯುತ್ತೇವೆ.

ಆ ಸಾಲು ಬರೆದ ಮೇಲೆ ಮಾತು ತಾನಾಗಿಯೇ ಮುಂದೆ ಹೋಯಿತು. ಬಾಗಿಲ ಸಾಲನ್ನು ಕಡಿಮೆ ಮಾಡುವುದು ಹೇಗೆ? ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಇದೆ ಎಂದೆ: ಎರಡು ಲೀಟರಿನ ಚೀಲ, ದಿನಕ್ಕೆ ಮೂರು ನಾಲ್ಕು ಸಲ, ಪ್ರತಿಸಲ ಅರ್ಧ ಗಂಟೆ. ಬಾಗಿಲು ಮುಚ್ಚಿದ ಚೊಕ್ಕ ಕೋಣೆ ಬೇಕು, ಕೈ ಸರಿಯಾಗಿ ತೊಳೆಯದಿದ್ದರೆ ಹೊಟ್ಟೆಯೊಳಗೆ ಸೋಂಕು. ಅಂಗಡಿಯ ಹಿಂದೆಯೇ ಮನೆ, ನಡುಮನೆಯಲ್ಲಿ ಅಕ್ಕಿ ಮೂಟೆ, ಹಿಟ್ಟಿನ ಧೂಳು. ‘ಆಗಲ್ಲ’ ಎಂದರು. ಕಸಿಯ ಮಾತು ಬಂದಾಗ ಹೆಂಡತಿ ‘ನಂದು ತಗೊಳ್ಳಿ’ ಎಂದದ್ದೇ ತಡ, ಗಂಡ ಎದ್ದು ನಿಂತರು. ಅದನ್ನು ಅಲ್ಲಿಗೇ ನಿಲ್ಲಿಸಿದೆ. ಕಿಡ್ನಿ ಕೊಡುತ್ತೇನೆಂದು ಗಂಡನ ಎದುರು ಹೇಳಿದ ಮಾತನ್ನು ನಾನು ಒಪ್ಪಿಗೆ ಎಂದು ಹಿಡಿಯುವುದಿಲ್ಲ. ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಬೇಡ ಎನ್ನುವ ಅವಕಾಶ ಅವರಿಗೇ ಕಡಿಮೆ. ಬೇರೆ ದಿನ, ಒಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕು. ಬೇಡವಾದರೆ ಮನೆಯಲ್ಲಿ ಜಗಳವಾಗದಂತೆ ‘ಹೊಂದುವುದಿಲ್ಲ’ ಎಂದಷ್ಟೇ ಹೇಳಿಸುವ ದಾರಿಯೂ ಇದೆ ಎಂದು ತಿಳಿಸಬೇಕು. ಮೃತದಾನಿಯ ಕಿಡ್ನಿಗೆ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸುವುದು ಕಸಿ ಮಾಡುವ ಆಸ್ಪತ್ರೆಯ ಮೂಲಕ. ಸರದಿ ಉದ್ದವಿದೆ ಎಂದು ಗೊತ್ತಿದ್ದೇ ಬರೆಸಬೇಕು.

ಉಳಿದದ್ದು ತಾಲ್ಲೂಕು ಆಸ್ಪತ್ರೆಯ ಬೆಳಗಿನ ಪಾಳಿ. ಬೆಳಗ್ಗೆ ಹೋದರೆ ಮಧ್ಯಾಹ್ನ ಮನೆ, ಅವರ ವ್ಯಾಪಾರ ಹೆಚ್ಚು ನಡೆಯುವುದು ಸಂಜೆ. ಡಯಾಲಿಸಿಸ್ ಆದ ದಿನ ಎಷ್ಟೋ ಜನಕ್ಕೆ ಸಂಜೆವರೆಗೂ ತಲೆ ಎತ್ತಲಾಗುವುದಿಲ್ಲ, ಅದನ್ನು ನಂಬಿ ಕೂರಬೇಡಿ ಎಂದೆ. ತಂಗಿಯ ಮಗನನ್ನು ಈಗಿನಿಂದಲೇ ಅಂಗಡಿಯಲ್ಲಿ ಕೂರಿಸುವುದು ಎಂದಾಯಿತು. ಆದರೆ ಬೆಳಗಿನ ಪಾಳಿಗೆ ಎಲ್ಲರೂ ಕಾಯುತ್ತಾರೆ. ಯಂತ್ರಗಳು ಕೆಲವೇ. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು, ಆರ್‌ಒ ಘಟಕ ಕೆಟ್ಟ ದಿನ ಇರುವ ಯಂತ್ರಗಳೂ ನಿಲ್ಲುತ್ತವೆ. ಹೀಗಾಗಿ ಹೆಸರು ಮೊದಲೇ ಬರೆಸಿ, ಕೆಟ್ಟ ದಿನಕ್ಕೆ ಎರಡನೆಯ ಜಾಗ ಯಾವುದು ಎಂದೂ ಕೇಳಿಟ್ಟುಕೊಳ್ಳಬೇಕು. ಹೆಪಟೈಟಿಸ್ ಬಿ ಇರುವವರಿಗೆ ಯಂತ್ರವೇ ಬೇರೆ, ಅದು ಎಲ್ಲ ಕಡೆ ಇರುವುದಿಲ್ಲ. ಆ ಸೋಂಕು ತಗುಲಿದರೆ ಮನೆ ಹತ್ತಿರದ ಸೀಟು ಹೋಯಿತು ಎಂದೇ ಲೆಕ್ಕ. ಅದರ ಲಸಿಕೆ ಕಿಡ್ನಿ ರೋಗಿಗಳಿಗೆ ಎರಡು ಪಟ್ಟು ಪ್ರಮಾಣದಲ್ಲಿ ನಾಲ್ಕು ಸಲ: ಮೊದಲ ದಿನ, ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆರು ತಿಂಗಳಿಗೆ. ಕಿಡ್ನಿ ಇನ್ನಷ್ಟು ಸೋತ ಮೇಲೆ ಹಾಕಿಸಿದರೆ ಮೈಗೆ ಅದು ಅಷ್ಟಾಗಿ ಹತ್ತುವುದಿಲ್ಲ.

ಕೊನೆಗೆ ಕೊಟ್ಟ ಸಲಹೆ ಇಷ್ಟು. ಎಡಗೈಯನ್ನು ಇವತ್ತಿನಿಂದಲೇ ಕಾಯಿರಿ: ರಕ್ತ ತೆಗೆಯುವುದು, ಡ್ರಿಪ್ ಹಾಕುವುದು ಬಲಗೈಯ ಅಂಗೈ ಹಿಂಬದಿಯಿಂದ ಮಾತ್ರ. ನರ್ಸ್ ಎಡಗೈ ಹಿಡಿದರೆ ಎಳೆದುಕೊಳ್ಳಿ, ಸಂಕೋಚ ಬೇಡ. ಫಿಸ್ಟುಲಾ ಆದ ಮೇಲೆ ಆ ಕೈಗೆ ಬಿಪಿ ಪಟ್ಟಿಯೂ ಬೇಡ, ಗಡಿಯಾರವೂ ಬೇಡ, ಆ ಕಡೆ ಮಗ್ಗುಲಾಗಿ ಕೈ ತಲೆಯಡಿ ಇಟ್ಟು ಮಲಗುವುದೂ ಬೇಡ. ಹೊಲಿಗೆ ಮಾಗಿದ ಮೇಲೆ ಮೆತ್ತನೆ ಚೆಂಡು ಹಿಸುಕಿ. ದಿನಾ ಬೆಳಗ್ಗೆ ಮುಟ್ಟಿ ನೋಡಿ, ಬೆಕ್ಕು ಗುರುಗುಟ್ಟಿದ ಹಾಗೆ ಝುಮ್ ಎನ್ನಬೇಕು. ನಿಂತಿದ್ದರೆ ನಾಳೆಗೆ ಮುಂದೂಡದೆ ಅವತ್ತೇ ಬನ್ನಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಾದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಮೊದಲು, ಅಡ್ಮಿಷನ್ ಆಮೇಲೆ. ಮಗ ಹೊಸ ಇನ್ಶೂರೆನ್ಸ್ ಮಾಡಿಸೋಣ ಎಂದಿದ್ದ. ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಕಂಪನಿ ಪಾಲಿಸಿಯನ್ನೇ ಕೊಡದೆಯೂ ಇರಬಹುದು. ಕಾಯಿಲೆ ಮುಚ್ಚಿಟ್ಟು ತೆಗೆದರೆ ಕ್ಲೇಮು ಬಿದ್ದುಹೋಗುತ್ತದೆ. ಆ ಕಂತಿನ ದುಡ್ಡನ್ನು ಅಂಗಡಿಯಲ್ಲಿ ಕೂರುವ ತಂಗಿಯ ಮಗನ ಸಂಬಳಕ್ಕೆ ಎತ್ತಿಡಿ ಎಂದೆ.

ಚೆನ್ನಾಗಿ ಓಡಾಡುವವರಿಗೆ ಡಯಾಲಿಸಿಸ್ ಲೆಕ್ಕ ತೋರಿಸಿ ಧೈರ್ಯ ಕೆಡಿಸುತ್ತೀರಿ ಎಂಬ ಆಕ್ಷೇಪ ನಮ್ಮಲ್ಲೇ ಕೆಲವರದು. ಪೂರ್ತಿ ತಳ್ಳಿಹಾಕಲಾರೆ. ಒಬ್ಬಿಬ್ಬರು ಹಾಳೆ ನೋಡಿದ ಮೇಲೆ ಮತ್ತೆ ಬಂದಿಲ್ಲ. ಎಲ್ಲರಿಗೂ ಫಿಸ್ಟುಲಾ ಮಾಡಿಸಿ ಎನ್ನುವವಳೂ ನಾನಲ್ಲ. ಎಂಬತ್ತು ದಾಟಿದ, ಹೃದಯವೂ ಸೋತ, ಹಾಸಿಗೆ ಹಿಡಿದ ಹಿರಿಯರಿಗೆ ಡಯಾಲಿಸಿಸ್ ಇಲ್ಲದೆ ಉಬ್ಬಸ, ತುರಿಕೆ, ವಾಂತಿಗೆ ಮಾತ್ರ ಔಷಧಿ ಕೊಟ್ಟು ಮನೆಯಲ್ಲೇ ನೋಡಿಕೊಳ್ಳುವುದೂ ಒಂದು ಆಯ್ಕೆ, ಅದನ್ನು ‘ಕೈಬಿಟ್ಟದ್ದು’ ಎನ್ನಬಾರದು. ಆದರೆ ಯಾವ ಆಯ್ಕೆಯಾದರೂ ರೋಗಿಯೇ ಪೆನ್ನು ಹಿಡಿದು ಲೆಕ್ಕ ಹಾಕುವಷ್ಟು ಗಟ್ಟಿಯಿರುವಾಗ ಆಗಲಿ ಎಂಬುದು ನನ್ನ ಹಟ. ಕುತ್ತಿಗೆಯಲ್ಲಿ ನಳಿಕೆ ಇಟ್ಟುಕೊಂಡು ಮಲಗಿದವರ ಬದಲಿಗೆ ಬೇರೆಯವರು ಹಾಕುವ ಲೆಕ್ಕದಲ್ಲಿ ‘ಬಾಗ್ಲು’ ಎಂಬ ಸಾಲು ಇರುವುದಿಲ್ಲ.

ಎರಡು ತಿಂಗಳ ಮೇಲೆ ಎಡಗೈಗೆ ಫಿಸ್ಟುಲಾ ಆಯಿತು. ಈಗ ಐದನೆಯ ತಿಂಗಳು, ಕ್ರಿಯಾಟಿನಿನ್ 4.8, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಝುಮ್ ಎನ್ನುತ್ತದೆಯೇ ಎಂದು ದಿನಾ ಬೆಳಗ್ಗೆ ಮುಟ್ಟಿ ನೋಡುವುದು ಹೆಂಡತಿಯ ಕೆಲಸ. ‘ಕರ್ದಂಗಾಯ್ತಾ?’ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಿಡ್ನಿ ಕೊಡುವ ವಿಷಯಕ್ಕೆ ಅವರೊಬ್ಬರೇ ಬರುವುದು ಮುಂದಿನ ಮಂಗಳವಾರ. ಲಸಿಕೆಯ ನಾಲ್ಕನೆಯ ಡೋಸು ಬಾಕಿ. ತಾಲ್ಲೂಕು ಆಸ್ಪತ್ರೆಯ ಬೆಳಗಿನ ಪಾಳಿಗೆ ಅವರ ಮುಂದೆ ಇನ್ನೂ ಮೂವರಿದ್ದಾರೆ.